ಡ್ರೆಸ್ಸಿಂಗ್ ಟ್ರೇಗೆ ಕೈ ಹಾಕುವ ಮೊದಲು ಎರಡೂ ಕಾಲು ನೋಡಿ

ಮೊಣಕಾಲಿನ ಕೆಳಗಿನ ಹುಣ್ಣಿಗೆ ಯಾವ ಡ್ರೆಸ್ಸಿಂಗ್ ಹಾಕಬೇಕು ಅನ್ನುವುದು ಆಮೇಲಿನ ಮಾತು. ಆ ಕಾಲಿಗೆ ರಕ್ತ ಇಳಿಯುತ್ತಿದೆಯೇ, ಇಳಿದದ್ದು ವಾಪಸ್ ಏರುತ್ತಿದೆಯೇ, ಪಾದಕ್ಕೆ ಸ್ಪರ್ಶ ತಿಳಿಯುತ್ತಿದೆಯೇ ಅನ್ನುವುದು ಮೊದಲು ಗೊತ್ತಾಗಬೇಕು. ಒಂದು ಕಾಲಿನ ಹುಣ್ಣನ್ನು ಮಾಯಿಸುವ ಬಿಗಿ ಬ್ಯಾಂಡೇಜೇ ಇನ್ನೊಂದು ಕಾಲಿನ ಬೆರಳುಗಳನ್ನು ಕಪ್ಪಾಗಿಸಬಲ್ಲದು.

ಎರಡೂ ಕಾಲನ್ನು ಮೊಣಕಾಲಿನವರೆಗೆ ಬಿಚ್ಚಿ ನೋಡಿ. ಕಾಲ್ಗೆಜ್ಜೆ, ಕಾಲುಂಗುರ ತೆಗೆಸಿ. ಊದಿದ ಬೆರಳಿಗೆ ಉಂಗುರ ಕಚ್ಚಿಕೊಂಡಿದ್ದರೆ ಸೋಪುನೀರು ಹಚ್ಚಿ ಪ್ರಯತ್ನಿಸಿ, ಬರದಿದ್ದರೆ ಕತ್ತರಿಸಲೇಬೇಕು. ಮನೆಯವರಿಗೆ ಅದು ಕಷ್ಟದ ವಿಷಯ. ಯಾಕೆ ಅಂತ ಸಮಾಧಾನವಾಗಿ ಹೇಳಿ, ಒಪ್ಪಿಸಿ. ಒಳಗಿನ ಹರಡಿನ (ಪಾದ ಕಾಲಿಗೆ ಸೇರುವ ಕೀಲಿನ) ಗಂಟಿನ ಮೇಲ್ಭಾಗದಲ್ಲಿ ಆಳವಿಲ್ಲದ, ಅಂಚು ಅಂಕುಡೊಂಕಾದ, ನೀರು ಸೋರುವ ಹುಣ್ಣಿದ್ದು, ಸುತ್ತಲಿನ ಚರ್ಮ ಕಂದುಗಟ್ಟಿ ಗಟ್ಟಿಯಾಗಿದ್ದರೆ ಹೆಚ್ಚಾಗಿ ಅದು ಸಿರೆಯ, ಅಂದರೆ ರಕ್ತವನ್ನು ವಾಪಸ್ ಏರಿಸುವ ನಾಳದ, ತೊಂದರೆ. ಬೆರಳ ತುದಿ, ಹಿಮ್ಮಡಿ, ಹೊರಗಿನ ಗಂಟಿನ ಮೇಲೆ ಕೊರೆದಂತೆ ದುಂಡಗಿದ್ದು, ತಳ ಬಿಳಿಚಿ, ಕಾಲು ತಣ್ಣಗಿದ್ದರೆ ಅಪಧಮನಿಯದು, ಅಂದರೆ ರಕ್ತ ಇಳಿಸುವ ನಾಳದ್ದು. ಅಂಗಾಲಿನಲ್ಲಿ, ಹೆಬ್ಬೆರಳ ಬುಡದ ಕೆಳಗೆ, ಸುತ್ತ ಜಡ್ಡುಗಟ್ಟಿ ನೋವೇ ಇಲ್ಲದಿದ್ದರೆ ನರದ್ದು. ಸಕ್ಕರೆ ಕಾಯಿಲೆಯವರಲ್ಲಿ ನರ, ಅಪಧಮನಿ ಎರಡೂ ಸೇರಿಕೊಂಡಿರುವುದು ಸಾಮಾನ್ಯ.

ಮೋಸಹೋಗುವ ಜಾಗ ಒಂದಿದೆ. ರಾತ್ರಿ ಹೇಗೆ ಮಲಗುತ್ತಾರೆ ಎಂದು ಕೇಳಿ. "ಮಂಚದಿಂದ ಕಾಲು ಇಳಿಬಿಟ್ಟುಕೊಂಡರೇನೇ ನೋವು ಕಮ್ಮಿ" ಎಂದರೆ ಅಪಧಮನಿ ಕಟ್ಟಿರುವ ಶಂಕೆ ಇರಲಿ. ಹಗಲೂ ರಾತ್ರಿ ಇಳಿಬಿಟ್ಟ ಕಾಲು ಊದುತ್ತದೆ, ಕೆಂಪಾಗುತ್ತದೆ. ಊತ ಕಂಡವರು ಸಿರೆಯದೆಂದು ಬಿಗಿಯಾಗಿ ಸುತ್ತುತ್ತಾರೆ, ಕೆಂಪು ಕಂಡವರು ಸೋಂಕೆಂದು ಆ್ಯಂಟಿಬಯೋಟಿಕ್ ಬರೆಸುತ್ತಾರೆ. ಮಲಗಿಸಿ ಕಾಲನ್ನು 45 ಡಿಗ್ರಿಯಷ್ಟು ಎತ್ತಿ ಹಿಡಿಯಿರಿ: ಒಂದೆರಡು ನಿಮಿಷದಲ್ಲಿ ಪಾದ ಬಿಳಿಚಿ, ಕೆಳಗಿಳಿಸಿದಾಗ ಮತ್ತೆ ಕೆಂಪೇರಿದರೆ ಅದು ಸೋಂಕಿನ ಕೆಂಪಲ್ಲ. ನಮ್ಮ ಕಪ್ಪು ಚರ್ಮದಲ್ಲಿ ಬಣ್ಣ ಸುಲಭಕ್ಕೆ ಕಾಣದು. ಪಾದದ ತಳ ನೋಡಿ, ಅಂಗೈಯ ಹಿಂಬದಿಯಿಂದ ಎರಡೂ ಕಾಲಿನ ಬಿಸುಪು ಹೋಲಿಸಿ.

ನಾಡಿ ಕೈಗೆ ಸಿಕ್ಕಿತು ಎಂದಷ್ಟಕ್ಕೇ ಬಿಗಿ ಬ್ಯಾಂಡೇಜ್ ಸುತ್ತಬಾರದು. ನಾಳದ ರಕ್ತದ ಓಟವನ್ನು ಸದ್ದಾಗಿ ಕೇಳಿಸುವ ಡಾಪ್ಲರ್ ಯಂತ್ರ ಬೇಕು. ರೋಗಿ ಅಂಗಾತ ಮಲಗಿ 10ರಿಂದ 20 ನಿಮಿಷ ವಿಶ್ರಮಿಸಲಿ. ಹುಣ್ಣಿಗೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಿ.ಪಿ. ಅಳೆಯುವ ಕಫ್ ಅನ್ನು ಹರಡಿನ ಗಂಟಿನ ಸ್ವಲ್ಪ ಮೇಲೆ ಕಟ್ಟಿ. ಡಾಪ್ಲರ್‌ನ 8 ಮೆಗಾಹರ್ಟ್ಸ್ ಪ್ರೋಬಿಗೆ ಧಾರಾಳವಾಗಿ ಜೆಲ್ ಹಾಕಿ ಓರೆಯಾಗಿ ಹಿಡಿಯಿರಿ. ಒತ್ತಿ ಹಿಡಿದರೆ ನಾಳವೇ ಮುಚ್ಚಿ ಸದ್ದು ಕಳೆದುಹೋಗುತ್ತದೆ. ಕಫ್ ಉಬ್ಬಿಸಿ, ಸದ್ದು ನಿಂತ ಮೇಲೆ ಇನ್ನೂ 20 ಮಿ.ಮೀ. ಪಾದರಸದಷ್ಟು ಏರಿಸಿ, ನಿಧಾನವಾಗಿ ಇಳಿಸುತ್ತ ಮೊದಲ ಸದ್ದಿನ ಅಂಕಿ ಬರೆದುಕೊಳ್ಳಿ. ಪಾದದ ಮೇಲಿನ ನಾಡಿ, ಗಂಟಿನ ಹಿಂದಿನ ನಾಡಿ ಎರಡರಲ್ಲಿ ಹೆಚ್ಚಿನದನ್ನು, ಎರಡೂ ತೋಳುಗಳಲ್ಲಿ ಹೆಚ್ಚಿನದರಿಂದ ಭಾಗಿಸಿ. ಕಾಲಲ್ಲಿ 98, ತೋಳಲ್ಲಿ 140 ಇದ್ದರೆ 0.7. ಸಾಮಾನ್ಯವಾಗಿ 0.8ರಿಂದ 1.3ರ ನಡುವೆ ಪೂರ್ಣ ಒತ್ತಡ ಕೊಡಬಹುದು, 0.5–0.8ಕ್ಕೆ ಕಡಿಮೆ ಒತ್ತಡ, ಅದೂ ತಜ್ಞರು ಹೇಳಿದರೆ; 0.5ಕ್ಕಿಂತ ಕೆಳಗಿದ್ದರೆ ಸುತ್ತುವ ಮಾತೇ ಇಲ್ಲ, ತುರ್ತಾಗಿ ರಕ್ತನಾಳದ ಸರ್ಜನ್ ಬಳಿ ಕಳಿಸಿ. 1.3 ದಾಟಿದರೆ ಸಂತೋಷಪಡಬೇಡಿ. ಸಕ್ಕರೆ ಕಾಯಿಲೆಯಲ್ಲಿ ಸುಣ್ಣಗಟ್ಟಿದ ನಾಳ ಕಫ್‌ಗೆ ಬಗ್ಗುವುದಿಲ್ಲ, ಅಂಕಿ ಸುಳ್ಳು ಹೇಳುತ್ತದೆ. ಕಾಲಿನ ಹೆಬ್ಬೆರಳಿನ ರಕ್ತದೊತ್ತಡ ಅಳೆಸಬೇಕು.

ಸಿರೆಯ ಹುಣ್ಣೆಂದು ಖಚಿತವಾದರೆ ಗುಣ ಮಾಡುವುದು ಒತ್ತಡವೇ, ಕ್ರೀಮಲ್ಲ. ಹರಡಿನ ಬಳಿ ಗುರಿ ಸುಮಾರು 40 ಮಿ.ಮೀ. ಪಾದರಸದ ಒತ್ತಡ. ಪಾದವನ್ನು 90 ಡಿಗ್ರಿಗೆ ನಿಲ್ಲಿಸಿ, ಮೊದಲು ಹತ್ತಿಯ ಪದರ, ಆಮೇಲೆ ಬೆರಳ ಬುಡದಿಂದ ಶುರುಮಾಡಿ, ಹಿಮ್ಮಡಿ ಬಿಡದೆ, ಅರ್ಧಕ್ಕರ್ಧ ಒಂದರ ಮೇಲೊಂದು ಬರುವಂತೆ, ಮೊಣಕಾಲಿಗೆ ಎರಡು ಬೆರಳು ಕೆಳಗೆ ಮುಗಿಸಿ. ಒಂದೇ ಬಿಗಿಯಲ್ಲಿ ಸುತ್ತಿದರೂ ಸಣ್ಣ ಸುತ್ತಳತೆಯ ಕಡೆ ಒತ್ತಡ ಹೆಚ್ಚು ಬೀಳುತ್ತದೆ. ಹರಡು 18 ಸೆಂ.ಮೀ.ಗಿಂತ ಸಣ್ಣದಿದ್ದರೆ ಹತ್ತಿ ಸುತ್ತಿ ದಪ್ಪ ಮಾಡಿಕೊಳ್ಳಿ, ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಯ ಅಂಚಿಗೂ ಮೆತ್ತೆ ಇಡಿ. ಬೆರಳು ಜೋಮು ಹಿಡಿದರೆ, ನೀಲಿಯಾದರೆ, ನೋವು ಏರಿದರೆ ಮನೆಯಲ್ಲೇ ಬಿಚ್ಚಿಬಿಡಲು ಹೇಳಿ ಕಳಿಸಿ.

ಅಂಗಾಲಿನ ಹುಣ್ಣಿನ ಕಥೆಯೇ ಬೇರೆ. ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡಲು 10 ಗ್ರಾಂ ಮೋನೋಫಿಲಮೆಂಟನ್ನು (ನೈಲಾನ್ ಎಳೆ) ಜಡ್ಡಿನ ಮೇಲಲ್ಲ, ಪಕ್ಕದ ಮೆತ್ತಗಿನ ಚರ್ಮಕ್ಕೆ ಬಾಗುವಷ್ಟು ಒತ್ತಿ. ಜಡ್ಡನ್ನು ತರಬೇತಿ ಇದ್ದವರು ಕೆತ್ತಿ ತೆಗೆದ ಮೇಲಷ್ಟೇ ಹುಣ್ಣಿನ ನಿಜವಾದ ಅಳತೆ ಸಿಗುತ್ತದೆ. ಸ್ಟೆರೈಲ್ ಪ್ರೋಬ್ (ಮೊಂಡು ತುದಿಯ ಲೋಹದ ಕಡ್ಡಿ) ಹುಣ್ಣಿನೊಳಗೆ ಇಳಿಸಿದಾಗ ಕಲ್ಲಿಗೆ ತಾಗಿದಂತಾದರೆ ಮೂಳೆಗೆ ಸೋಂಕು ಇಳಿದಿರಬಹುದು, ಎಕ್ಸ್‌ರೇ ಬೇಕು. ನೋವಿಲ್ಲದ್ದರಿಂದ ರೋಗಿ ಅದರ ಮೇಲೇ ನಡೆಯುತ್ತಾರೆ, ನಡೆದಷ್ಟು ದಿನ ಅದು ಮಾಯುವುದಿಲ್ಲ. ರಕ್ತ ಓಡಾಡುತ್ತಿದ್ದು ಸೋಂಕಿಲ್ಲದಿದ್ದರೆ ಪೂರ್ಣ ಸಂಪರ್ಕದ ಕಾಸ್ಟ್ (ಪಾದಕ್ಕೂ ಕಾಲಿಗೂ ಅಂಟಿದಂತೆ ಹಾಕಿ ಭಾರ ಹಂಚುವ ಗಟ್ಟಿ ಕಟ್ಟು) ಉತ್ತಮ. ಕುಷ್ಠರೋಗಿಗಳಿಗೆಂದು ಬಳಕೆಗೆ ಬಂದ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್ ಎಂಬ ಮೆತ್ತನೆಯ ರಬ್ಬರಿನ) ಚಪ್ಪಲಿ ಮಾಯ್ದ ಮೇಲೆ ಕಾಪಾಡಲು ಒಳ್ಳೆಯದು. ಆದರೆ ಅದಕ್ಕೆ ಹಿಂಪಟ್ಟಿ ಇರಲಿ, ಮೊಳೆ ಇರದಿರಲಿ. ಸ್ಪರ್ಶವಿಲ್ಲದ ಪಾದದಿಂದ ಹವಾಯಿ ಚಪ್ಪಲಿ ಜಾರಿಹೋದರೂ ತಿಳಿಯುವುದಿಲ್ಲ.

"ಗಾಯ ಒಣಗಿತಾ?" ಎಂದು ಎಲ್ಲರೂ ಕೇಳುತ್ತಾರೆ. ಆ ಮಾತೇ ದಾರಿ ತಪ್ಪಿಸುತ್ತದೆ. ರಕ್ತ ಚೆನ್ನಾಗಿರುವ ಹುಣ್ಣು ಒಣಗಿ ಅಲ್ಲ, ಹದವಾದ ತೇವದಲ್ಲಿ ಮಾಯುತ್ತದೆ. ಕಾಫಿಪುಡಿ, ಅರಿಶಿನ, ಆ್ಯಂಟಿಬಯೋಟಿಕ್ ಪೌಡರ್ ಗಟ್ಟಿ ಪದರವಾಗಿ ಕೂತು ಕೀವನ್ನು ಒಳಗೇ ಮುಚ್ಚುತ್ತವೆ. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಹೊಸ ಜೀವಕೋಶಗಳನ್ನೇ ಸುಡುತ್ತವೆ. ಸಲೈನ್ ಅಥವಾ ಕುದಿಸಿ ಆರಿಸಿದ ನೀರು ಸಾಕು. ಅಂಚು ಬೆಳ್ಳಗೆ ನೆನೆದಿದ್ದರೆ ಹೆಚ್ಚು ಹೀರುವ ಡ್ರೆಸ್ಸಿಂಗ್, ಸುತ್ತ ಜಿಂಕ್ ಪೇಸ್ಟ್. ರಕ್ತವಿಲ್ಲದ ಬೆರಳಿನ ಒಣ ಗ್ಯಾಂಗ್ರೀನ್ ಮಾತ್ರ ಒಣಗಿದ್ದಂತೆಯೇ ಇರಲಿ, ನೆನೆಸಬೇಡಿ.

ಪ್ರತಿ ವಾರ ಉದ್ದ, ಅಗಲ, ಆಳ ಬರೆದಿಡಿ. ಸಕ್ಕರೆ ಕಾಯಿಲೆಯ ಪಾದದ ಹುಣ್ಣು 4 ವಾರದಲ್ಲಿ ಅರ್ಧಕ್ಕಾದರೂ ಇಳಿಯದಿದ್ದರೆ ಚಿಕಿತ್ಸೆಯನ್ನು ಬುಡದಿಂದ ಮರುಪರಿಶೀಲಿಸಿ. ವರ್ಷಗಟ್ಟಲೆ ಹಳೆಯ ಹುಣ್ಣಿನ ಅಂಚು ಹೂಕೋಸಿನಂತೆ ಉಬ್ಬಿದರೆ ಬಯಾಪ್ಸಿಗೆ ಕಳಿಸಿ, ಕ್ಯಾನ್ಸರ್ ಇರಬಹುದು. ಕೆಂಪು ಅಂಚಿನಿಂದ 2 ಸೆಂ.ಮೀ. ದಾಟಿ ಹರಡಿದರೆ, ಜ್ವರ ಬಂದರೆ, ಒತ್ತಿದಾಗ ಚರ್ಮದಡಿ ಗಾಳಿ ಚಟಚಟ ಎಂದರೆ ಮರುದಿನದ ಡ್ರೆಸ್ಸಿಂಗ್‌ಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಸೇರಿಸಿ.