ರಿಮಾರ್ಕ್ಸ್ ಕಾಲಂಗೆ ಹೋದ ಅವರೆಕಾಯಿ

ಸಾವಯವ ಟ್ರಯಲ್ ಅಂದರೆ ಸಾಕು, ಎಲ್ಲರೂ ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಕಲಸಿ ಹುಳಿಸಿದ ನೀರು), ಕೊಟ್ಟಿಗೆ ಗೊಬ್ಬರ ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ಬಂದ ಬೆಳೆಯನ್ನು ತೂಗೋದು ಹೇಗೆ ಅಂತ ಯಾರೂ ಕೇಳುವುದಿಲ್ಲ. ನಮಗೆ ಪೆಟ್ಟು ಬಿದ್ದಿದ್ದು ಅಲ್ಲೇ.

2023ರ ಮುಂಗಾರು. ಮಾಗಡಿ ಕಡೆ ರೈತರ ಹೊಲದಲ್ಲೇ ನಮ್ಮ ಪ್ಲಾಟ್‌ಗಳಿದ್ದವು. ಹೋಲಿಸಿ ನೋಡೋಕೆ ಮೂರು ಬಗೆಯ ಬೇಸಾಯ. ಟಿ1 ಮಾಮೂಲಿ ಪದ್ಧತಿ, ಡಿಎಪಿ–ಯೂರಿಯಾ. ಟಿ2 ಸಾವಯವ, ಬರೀ ರಾಗಿ. ಟಿ3 ಸಾವಯವದಲ್ಲೇ ಅಕ್ಕಡಿ ಸಾಲು: ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ದನಕ್ಕೆ ಅಂತ ಒಂದಿಷ್ಟು ಜೋಳ. ಮೂರಕ್ಕೂ ಜಿಪಿಯು-28 ತಳಿಯ ರಾಗಿ.

ಆ ವರ್ಷದ ಮಳೆ ನೆನಪಿರಬೇಕಲ್ವಾ? ದೇಶದಲ್ಲಿ 1901ರಿಂದ ಅಷ್ಟು ಒಣ ಆಗಸ್ಟ್ ಬಂದೇ ಇರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಎಕರೆಗೆ 200 ಲೀಟರ್ ಜೀವಾಮೃತ ಅಂತ ಪ್ರೋಟೋಕಾಲ್. ಅದನ್ನು ಟ್ಯಾಂಕರ್ ನೀರಲ್ಲಿ ಕಲಸಿ, ಡ್ರಮ್ ಹೊತ್ತು, ಹಸಿಯೇ ಇಲ್ಲದ ನೆಲಕ್ಕೆ ಸುರಿದೆವು. ಪ್ರೋಟೋಕಾಲ್ ಬರೆದವರು ಎಸಿ ರೂಮಲ್ಲಿ ಕೂತಿದ್ದರು ಅಂತ ಕಾಣುತ್ತೆ.

ರಾಗಿ ತೆನೆ ಜೊಳ್ಳಾಯಿತು. ಕೊಯ್ದೆವು, ಬಡಿದೆವು, ಮಾಯಿಶ್ಚರ್ ನೋಡಿದೆವು, ತೂಕವನ್ನು ಟ್ರಯಲ್‌ನ ಆ್ಯಪ್‌ಗೆ ಹಾಕಿ ಸಿಂಕ್ ಮಾಡಿದೆವು. ಆಫೀಸಿನ ಲೆಕ್ಕದಲ್ಲಿ ಅಲ್ಲಿಗೆ ಸೀಸನ್ ಮುಗಿಯಿತು.

ಹೊಲದ ಲೆಕ್ಕದಲ್ಲಿ ಆಗ ತಾನೇ ಅವರೆ ಹೂ ಬಿಟ್ಟಿತ್ತು. ನಾಟಿ ಅವರೆ ಹಗಲು ಚಿಕ್ಕದಾಗದೆ ಹೂ ಬಿಡುವುದಿಲ್ಲ. ರಾಗಿಗೆ ಕೈಕೊಟ್ಟ ಮಳೆಯನ್ನು ಅದು ಅಷ್ಟಾಗಿ ಲೆಕ್ಕಕ್ಕಿಡುವುದೂ ಇಲ್ಲ. ಬೇರು ಆಳಕ್ಕೆ ಇಳಿಸಿದ ತೊಗರಿಯಂತೂ ಆರಾಮಾಗಿ ನಿಂತಿತ್ತು. ಅಕ್ಕಡಿಯ ಮರ್ಮವೇ ಇದು. ಒಂದು ಹೋದರೆ ಇನ್ನೊಂದು ಕೈಹಿಡಿಯುತ್ತದೆ, ಆದರೆ ಬೇರೆ ಬೇರೆ ತಿಂಗಳಲ್ಲಿ.

ನಮ್ಮ ಫೀಲ್ಡ್ ಹುಡುಗ ಫೋನ್ ಮಾಡಿದ. "ಸರ್, ಬೆಳೆ ಅನ್ನೋ ಕಡೆ ಒಂದೇ ಸೆಲೆಕ್ಟ್ ಆಗ್ತಿದೆ. ಅವರೆದು ಎಲ್ಲಿ ಹಾಕ್ಲಿ?"

"ರಿಮಾರ್ಕ್ಸ್‌ನಲ್ಲಿ ಹಾಕಪ್ಪ, ಆಮೇಲೆ ನೋಡ್ಕೊಳ್ಳೋಣ."

ಈ 'ಆಮೇಲೆ' ಬಂದಿದ್ದು ಫೆಬ್ರವರಿಯ ರಿವ್ಯೂ ಮೀಟಿಂಗಿನಲ್ಲಿ.

ಸ್ಲೈಡ್‌ನಲ್ಲಿ ರಾಗಿ ಇಳುವರಿಯ ಗ್ರಾಫ್, ಅದರಲ್ಲಿ ಟಿ3 ಕಂಬ ಎಲ್ಲಕ್ಕಿಂತ ಗಿಡ್ಡ. ಆಗಲೇಬೇಕು, ಸಾಲು ಬಿಟ್ಟುಕೊಟ್ಟ ಜಾಗದಲ್ಲಿ ರಾಗಿ ಎಲ್ಲಿಂದ ಬರುತ್ತೆ? ರಿವ್ಯೂಗೆ ಬಂದಿದ್ದ ಹಿರಿಯರು ಕನ್ನಡಕ ತೆಗೆದು ಕೇಳಿದರು. "ಹಾಗಾದ್ರೆ ಅಕ್ಕಡಿ ಸಾಲು ನಷ್ಟ ಅಂತಾಯ್ತು?" ನಾನು ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್ ತೆಗೆದು ಬಲಕ್ಕೆ ಸ್ಕ್ರೋಲ್ ಮಾಡಿದೆ. ಇನ್ನೂ ಬಲಕ್ಕೆ. ರಿಮಾರ್ಕ್ಸ್ ಕಾಲಂ ಇಲ್ಲವೇ ಇಲ್ಲ. ಆ್ಯಪ್ ಅದನ್ನು ಎಕ್ಸ್‌ಪೋರ್ಟ್ ಮಾಡುವುದಿಲ್ಲವಂತೆ! ನಮ್ಮ ಬಾಸ್ ಅಷ್ಟರಲ್ಲಿ "ಇಳುವರಿ ಕಡಿಮೆ, ಆದ್ರೆ ಮಣ್ಣಿನ ಆರೋಗ್ಯ..." ಅಂತ ಶುರು ಮಾಡಿದ್ದರು. ಮಣ್ಣಿನ ಆರೋಗ್ಯ ಅಂದರು ಅಂದರೆ ಬೇರೆ ಉತ್ತರ ಇಲ್ಲ ಅಂತ ಅರ್ಥ. ನಾನು ಮೇಜಿನ ಕೆಳಗೆ ಹುಡುಗನಿಗೆ ವಾಟ್ಸಾಪ್ ಮಾಡುತ್ತಾ ಬೆವರುತ್ತಿದ್ದೆ.

ಹಿಂದಿನ ಸಾಲಲ್ಲಿ ನಮ್ಮ ಟಿ3 ಹೊಲದ ಯಜಮಾನಿ ಕೂತಿದ್ದರು. ಶಾಲು ಹೊದಿಸಿ ಫೋಟೊ ತೆಗೆಯೋಕೆ ಅಂತ ಕರೆಸಿದ್ದು. ಅವರು ಎದ್ದು ನಿಂತರು.

"ಸಾ, ಷಷ್ಠಿಯಿಂದ ಸಂಕ್ರಾಂತಿಗಂಟ ನಮ್ಮನೇಲಿ ಸಾರಿಗೆ ಅಂತ ಒಂದು ರೂಪಾಯಿ ಖರ್ಚು ಮಾಡಿಲ್ಲ. ಅದು ಇದರಾಗೆ ಎಲ್ಲೈತೆ?"

"ಎಷ್ಟು ಕೆಜಿ ಬಂತಮ್ಮ?"

"ಒಲೆ ಮೇಲೆ ಹೋಗಿದ್ದನ್ನ ಯಾರು ತೂಗ್ತಾರೆ ಸಾ?"

ಎಲ್ಲರೂ ನಕ್ಕರು. ಹಿರಿಯರು ನಗಲಿಲ್ಲ, ನನ್ನನ್ನು ನೋಡಿದರು.

ಹುಡುಗ ಆಮೇಲೆ ಸ್ಕ್ರೀನ್‌ಶಾಟ್ ಕಳಿಸಿದ. ರಿಮಾರ್ಕ್ಸ್‌ನಲ್ಲಿ "ಅವರೆ ಚೆನ್ನಾಗಿದೆ". ಇನ್ನೊಂದು ಕಡೆ "ಅವರೆ ಮನೆಗೆ ಒಯ್ದರು". ಅಷ್ಟೇ. ಅವನನ್ನು ಬೈಯೋಕೆ ಬಾಯಿ ಬರಲಿಲ್ಲ. ನಾನು ಹೇಳಿದ್ದನ್ನೇ ಮಾಡಿದ್ದ.

ಆ ಅಂಕಿ ಸಿಕ್ಕಿದ್ದರೂ ಪೂರ್ತಿ ಉಪಯೋಗವಿರಲಿಲ್ಲ ಅನ್ನೋದು ಇನ್ನೊಂದು ಸಂಕಟ. ಎಲ್‌ಇಆರ್ (ಮಿಶ್ರ ಬೆಳೆಯಷ್ಟೇ ಫಸಲನ್ನು ಒಂಟಿ ಬೆಳೆಗಳಿಂದ ತೆಗೆಯೋಕೆ ಎಷ್ಟು ನೆಲ ಬೇಕು ಅನ್ನೋ ಲೆಕ್ಕ) ಹಾಕಬೇಕಾದರೆ ಒಂಟಿ ಅವರೆ, ಒಂಟಿ ತೊಗರಿ ಪ್ಲಾಟ್‌ಗಳೂ ಬೇಕು. ಅಕ್ಕಡಿಯಲ್ಲಿ ರಾಗಿ ಒಂಟಿ ರಾಗಿಯ 0.7ರಷ್ಟು, ಅವರೆ ಒಂಟಿ ಅವರೆಯ 0.3, ತೊಗರಿ ಒಂಟಿ ತೊಗರಿಯ 0.2 ಬಂತು ಅಂತಿಟ್ಟುಕೊಳ್ಳಿ. ಒಟ್ಟು 1.2. ಅಂದರೆ ಒಂದು ಎಕರೆ ಅಕ್ಕಡಿ 1.2 ಎಕರೆ ಒಂಟಿ ಬೆಳೆಗೆ ಸಮ. ರಾಗಿ ಕಂಬ ಒಂದನ್ನೇ ನೋಡಿದವರಿಗೆ ಇದು ನಷ್ಟವಾಗಿ ಕಾಣುತ್ತೆ. ಆ ಒಂಟಿ ಪ್ಲಾಟ್‌ಗಳನ್ನು ಬಜೆಟ್ ಅಂತ ಮೇಲಿನವರು ಮೊದಲೇ ಕತ್ತರಿಸಿದ್ದರು. ಆಗ ನಾನೂ ತಲೆಯಾಡಿಸಿದ್ದೆ, ಕೆಲಸ ಕಮ್ಮಿಯಾಯಿತು ಅಂತ.

ಮುಂದಿನ ಸೀಸನ್‌ಗೆ ಆ ಅಮ್ಮನಿಗೆ ಗೆರೆ ಹಾಕಿದ ಪ್ಲಾಸ್ಟಿಕ್ ಬಕೆಟ್ ಕೊಟ್ಟೆವು. ಹೋಗಿ ನೋಡಿದರೆ ಅದರಲ್ಲಿ ಹುಣಸೆಹಣ್ಣು ತುಂಬಿಟ್ಟಿದ್ದಾರೆ. ಅವರು ಕಾಯಿ ಕೀಳೋದು ಮಡಿಲಿಗೆ, ಮನೆಗೆ ಬಂದು ಸುರಿಯೋದು ಕುಕ್ಕೆಗೆ. ಸರಿ, ಕುಕ್ಕೆಯನ್ನೇ ತುಂಬಿ ತೂಗಿ ಬರೆದುಕೊಂಡೆವು. ಕುಕ್ಕೆಗೊಂದು ಗೆರೆ, ಅಡುಗೆಮನೆ ಗೋಡೆ ಮೇಲೆ, ಇದ್ದಿಲಲ್ಲಿ. ನೆಂಟರಿಗೆ ಕಳಿಸಿದ್ದಕ್ಕೆ, ಕೂಲಿಯವರಿಗೆ ಕೊಟ್ಟಿದ್ದಕ್ಕೆ ಅಡ್ಡ ಗೆರೆ. ಮೊಮ್ಮಗ ಒಂದಿಷ್ಟು ಗೆರೆ ತಾನೇ ಎಳೆದಿದ್ದ, ಅದನ್ನು ಅವರೇ ತೋರಿಸಿ ಲೆಕ್ಕದಿಂದ ತೆಗೆಸಿದರು. ಇಷ್ಟು ದಿನದಲ್ಲಿ ನಮಗೆ ಸಿಕ್ಕ ಒಳ್ಳೆ ಡೇಟಾ ಇದೇ.

ಅಕ್ಕಡಿ ಟ್ರಯಲ್ ಮಾಡುವವರು ಯಾರಾದರೂ ಇದ್ದರೆ, ರಾಗಿ ಕೊಯ್ಲಿನ ದಿನ ಶೀಟ್ ಮುಚ್ಚಬೇಡಿ. ಒಂಟಿ ಪ್ಲಾಟ್ ಕತ್ತರಿಸೋಕೆ ಬಂದರೆ ಜಗಳ ಆಡಿ. ಆ್ಯಪ್‌ನಿಂದ ಒಂದು ಡಮ್ಮಿ ಎಂಟ್ರಿ ಎಕ್ಸ್‌ಪೋರ್ಟ್ ಮಾಡಿ ನೋಡದೆ ಹೊಲಕ್ಕೆ ಹೋಗಬೇಡಿ.

ಆ್ಯಪ್‌ನವರು ಈಗ 'ಇತರೆ ಬೆಳೆ 1', 'ಇತರೆ ಬೆಳೆ 2' ಅಂತ ಕಾಲಂ ಕೊಟ್ಟಿದ್ದಾರೆ. ಹೊಲದಲ್ಲಿ ರಾಗಿ ಬಿಟ್ಟರೆ ಇತರೆ ನಾಲ್ಕಿವೆ. ಕೇಳಿದರೆ ಮುಂದಿನ ವರ್ಷನ್ ಅನ್ನುತ್ತಾರೆ. ಹುಚ್ಚೆಳ್ಳು, ಜೋಳ ಸದ್ಯಕ್ಕೆ ನನ್ನ ಡೈರಿಯಲ್ಲಿವೆ.