ಐಗುಪ್ತದವರಿಗೆ ಮಳೆ ಯಾಕೆ?

1 ಅಕ್ಟೋಬರ್ 2023, ಭಾನುವಾರ ರಾತ್ರಿ

ಬೆಳಿಗ್ಗೆ ಚರ್ಚಿನಲ್ಲಿ ಬೈಬಲಿನ ಜೆಕರ್ಯ 14 ಓದಿದರು. ಯೆರೂಸಲೇಮಿನ ಮೇಲೆ ಯುದ್ಧಕ್ಕೆ ಬಂದ ಜನಾಂಗಗಳಲ್ಲಿ ಉಳಿದವರೆಲ್ಲ ವರ್ಷ ವರ್ಷ ಅಲ್ಲಿಗೆ ಹೋಗಿ ಯೆಹೋವನಿಗೆ ಅಡ್ಡಬೀಳಬೇಕು, ಪರ್ಣಶಾಲೆಗಳ ಜಾತ್ರೆ ಮಾಡಬೇಕು. ಹೋಗದವರಿಗೆ ಮಳೆ ಇಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಸರಿಯಿತ್ತು. ಪ್ರಸಂಗ ಮಾಡಿದವರು ಅಲ್ಲಿಂದ ನೇರ ನಮ್ಮ ಮಂಡ್ಯಕ್ಕೇ ಬಂದುಬಿಟ್ಟರು. ಈ ವರ್ಷ ಬರ ಯಾಕೆ ಬಂತು ಗೊತ್ತಾ, ಅಂತ.

ಮೈ ಉರಿದುಹೋಯಿತು. ಸರ್ಕಾರ ಬರ ಅಂತ ಹೇಳಿರುವುದು 195 ತಾಲ್ಲೂಕಿಗೆ. ಪಕ್ಕದ ಗದ್ದೆಯವರ ಭತ್ತ ಒಣಗುತ್ತಿದೆ, ನಮ್ಮದೂ ಒಣಗುತ್ತಿದೆ. ನಾವು ಒಂದು ಭಾನುವಾರವೂ ತಪ್ಪಿಸಿದವರಲ್ಲ.

ಸಂಜೆ ಅಜ್ಜಿಗೆ ಅದೇ ಅಧ್ಯಾಯ ಮತ್ತೆ ಓದಿದೆ. ಐಗುಪ್ತದವರು, ಅಂದರೆ ಈಜಿಪ್ಟಿನವರು, ಹೋಗದಿದ್ದರೆ ಅನ್ನುವ 18ನೇ ವಚನಕ್ಕೆ ಬಂದಾಗ ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ಐಗುಪ್ತದವರ ಹೆಸರು ಮಾತ್ರ ಯಾಕೆ ಬೇರೆ ಹೇಳ್ತಾನೆ?"

"ಅವರಿಗೆ ನೈಲ್ ನದಿ ಇತ್ತಲ್ಲ ಅಜ್ಜಿ. ಮಳೆ ಬರದಿದ್ರೂ ನಡೀತಿತ್ತು." ಧರ್ಮೋಪದೇಶಕಾಂಡ 11 ತೆಗೆದು ತೋರಿಸಿದೆ. ಐಗುಪ್ತದಲ್ಲಿ ಕಾಯಿಪಲ್ಯದ ತೋಟಕ್ಕೆ ಹಾಯಿಸುವ ಹಾಗೆ ನೀರು ಹಾಯಿಸುತ್ತಿದ್ದಿರಿ, ಈ ದೇಶವಾದರೋ ಆಕಾಶದ ಮಳೆ ಕುಡಿಯುತ್ತದೆ, ಅಂತ ಮೋಶೆ ಹೇಳುವ ಜಾಗ.

ಅಜ್ಜಿ ನಕ್ಕುಬಿಟ್ಟರು. "ಹಂಗಾರೆ ಅವ್ರು ನಾಲೆಯವ್ರು ಅನ್ನು. ನಾವೂ ಹಂಗೇ ಅಲ್ವಾ ಮಗ ಮೆರೀತಿದ್ದದ್ದು? ಆಚೆ ಊರಿನವ್ರು ಮೋಡ ನೋಡ್ತಿದ್ರು, ನಾವು ತೂಬು ನೋಡ್ತಿದ್ವಿ. ನಾಲೆಗೆ ನೀರು ಎಲ್ಲಿಂದ ಬತ್ತದೆ? ಕೊಡಗಲ್ಲಿ ಹುಯ್ಬೇಕು ತಾನೆ?"

ನೈಲ್ ಕಥೆಯೂ ಅದೇ. ಇಥಿಯೋಪಿಯಾದ ಬೆಟ್ಟದಲ್ಲಿ ಮಳೆ ಬಿದ್ದರೆ ಐಗುಪ್ತದಲ್ಲಿ ಹೊಳೆ ಏರುತ್ತಿತ್ತು. ಅದು ನನಗೆ ಗೊತ್ತಿತ್ತು. ಆದರೂ ಹೀಗೆ ಜೋಡಿಸಿ ನೋಡಿರಲಿಲ್ಲ.

ಆ ಜಾತ್ರೆ ಬರುವುದೂ ಇದೇ ಹೊತ್ತಿಗೆ. ಯೆಹೂದ್ಯರಿಗೆ ಈಗ ಅದೇ ವಾರ ನಡೆಯುತ್ತಿದೆ. ಅವರ ನಾಡಿನಲ್ಲಿ ಬೇಸಿಗೆ ಪೂರ್ತಿ ಹನಿ ಬೀಳುವುದಿಲ್ಲ. ಕೊಯ್ಲು ಮುಗಿಸಿ, ಎಲೆ ಚಪ್ಪರದ ಕೆಳಗೆ ಏಳು ದಿನ ಇದ್ದು, ಮೊದಲ ಮಳೆಗೆ ಕಾಯುವ ಜನ. ಮಳೆ ನಿಲ್ಲಿಸುತ್ತೇನೆ ಅನ್ನುವ ಮಾತು ಅಂಥವರಿಗೆ ಹೇಗೆ ಕೇಳಿರಬೇಡ!

ಬೈಬಲಿನ ಅರಣ್ಯಕಾಂಡ 29 ಕೂಡ ನೋಡಿದೆ. ಈ ಜಾತ್ರೆಗೆ ಮೊದಲ ದಿನ 13 ಹೋರಿ, ಮಾರನೇ ದಿನ 12, ಹೀಗೆ ಇಳಿಯುತ್ತಾ ಏಳನೇ ದಿನ 7. ಕೂಡಿದರೆ 70. ಅದು ಲೋಕದ 70 ಜನಾಂಗಗಳಿಗಾಗಿ ಅಂತ ಯೆಹೂದಿ ಗುರುಗಳು ಹೇಳಿದ್ದಾರೆ. ಬರದಿದ್ದರೆ ಮಳೆ ಇಲ್ಲ ಅನ್ನಿಸಿಕೊಂಡವರ ಪಾಲಿನ ಬಲಿಯೂ ಅಲ್ಲೇ ನಡೆಯುತ್ತಿತ್ತು! ಬೆಳಿಗ್ಗೆ ಇದನ್ನು ಯಾರೂ ಹೇಳಲಿಲ್ಲ.

ಎಲೀಯನ ವಿಷಯವನ್ನೂ ಹೇಳಲಿಲ್ಲ. ಇಸ್ರಾಯೇಲಿನ ರಾಜ ಅಹಾಬನಿಗೆ ಮಳೆ ಬರುವುದಿಲ್ಲ ಅಂತ ಹೇಳಿದವನು ಅವನೇ. ಕೆರೀತ್ ಹಳ್ಳದ ಹತ್ತಿರ ಕೂತು ಆ ನೀರನ್ನೇ ಕುಡಿಯುತ್ತಿದ್ದ. ಆ ಹಳ್ಳವೂ ಬತ್ತಿಹೋಯಿತು. ಪ್ರವಾದಿ ಅಂತ ಅವನಿಗೆ ಬೇರೆ ಹಳ್ಳ ಇರಲಿಲ್ಲ.

ಇದನ್ನು ಪ್ರಸಂಗ ಮಾಡಿದವರಿಗೆ ಹೇಳಬೇಕಾ? ಶುಕ್ರವಾರ ಕಾವೇರಿ ನೀರಿನ ಬಂದ್ ದಿನ ಅವರೂ ನಮ್ಮ ಜೊತೆಗೇ ರಸ್ತೆಯಲ್ಲಿ ಕೂತಿದ್ದರು. ಕೆಟ್ಟವರಲ್ಲ, ಸುಮ್ನೆ ಬಾಯಿಗೆ ಬಂದದ್ದು

ಅಜ್ಜಿ ಒಳಗಿಂದ ಕೂಗುತ್ತಿದ್ದಾರೆ. ಕನ್ನಂಬಾಡಿ ಇವತ್ತು ಎಷ್ಟು ಅಡಿ ಅಂತ.