ಧಾರವಾಡದ ಜಾಡಿಯಲ್ಲಿ ಉಲ್ವಾ: ಶಾಖ ಪರೀಕ್ಷೆಯ ಮೂರನೆಯ ಸುತ್ತು

ಮೊದಲು ಸೌಮ್ಯ ಬಿಸಿ ತಿಂದ ಉಲ್ವಾ, ಅಂದರೆ ಎಲೆಯಂಥ ಹಸಿರು ಕಡಲಪಾಚಿ, ಆಮೇಲಿನ 40 ಡಿಗ್ರಿಯನ್ನು ಹೆಚ್ಚು ತಾಳುತ್ತದೆಯೇ ಎಂಬುದು ನಮ್ಮ ಪರೀಕ್ಷೆ. ಎರಡನೆಯ ಸುತ್ತಿನ ಲೆಕ್ಕವನ್ನು ಪೂರ್ತಿ ಕೈಬಿಟ್ಟಿದ್ದೇವೆ. ಎಲೆಯಿಂದ ಕತ್ತರಿಸಿ 40 ಡಿಗ್ರಿಯ ಬಿಸಿ ಕೊಟ್ಟ ಬಿಲ್ಲೆಗಳಷ್ಟೇ ಅಲ್ಲ, 25 ಡಿಗ್ರಿಯಲ್ಲೇ ತಣ್ಣಗಿದ್ದ ಬಿಲ್ಲೆಗಳೂ ಮೂರನೆಯ ದಿನ ಅಂಚಿನಿಂದ ಬೆಳ್ಳಗಾದವು. ಬೆಳ್ಳಗಾದದ್ದೆಲ್ಲ ಸತ್ತದ್ದು ಎಂದು ಎಣಿಸಿದ್ದೇ ತಪ್ಪು. ಉಲ್ವಾ ಎಲೆಯನ್ನು ಸಣ್ಣ ಚೂರುಗಳಾಗಿ ಕತ್ತರಿಸಿದರೆ ಸಾಕು, ಎರಡು ಮೂರು ದಿನಗಳಲ್ಲಿ ಕೋಶಗಳು ತಮ್ಮೊಳಗಿನದನ್ನೆಲ್ಲ ಬೀಜಕಣಗಳಾಗಿ ಮಾಡಿ ಹೊರಗೆ ಬಿಡುತ್ತವೆ. ಉಳಿಯುವುದು ಖಾಲಿ ಗೋಡೆ ಮಾತ್ರ. ಕಣ್ಣಿಗೆ ಅದೂ ಬಿಳಿ, ಸಾವೂ ಬಿಳಿ.

ಹೀಗಾಗಿ ಈ ಸಲ ಇಡೀ ಎಲೆಗೇ ಶಾಖ ಕೊಟ್ಟು, ಬಣ್ಣ ಹಾಕುವ ಹೊತ್ತಿಗಷ್ಟೇ 10 ಮಿಲಿಮೀಟರ್ ಬಿಲ್ಲೆ ಕತ್ತರಿಸಿದ್ದೇವೆ.

ಮಾದರಿ ಕಾರವಾರದ ಬಂಡೆಗಳದ್ದು. ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು ಸೇರಿ ಅಲ್ಲಿನ ಉಪ್ಪಿನಂಶ ಇಳಿಯುತ್ತದೆ, ಆದ್ದರಿಂದ ನವೆಂಬರ್ ನಂತರ ಇಳಿತದ ವೇಳೆ ಕೀಳುವುದು ಒಳ್ಳೆಯದು. ಅರಬೈಲ್ ಘಟ್ಟ ಹತ್ತಿಸುವಾಗ ನೀರು ತುಂಬಿದ ಚೀಲ ಬೇಡ. ಕತ್ತಲಲ್ಲಿ ಪಾಚಿ ಉಸಿರಾಡಿ ಆ ನೀರಿನ ಆಮ್ಲಜನಕವನ್ನು ತಾನೇ ಮುಗಿಸುತ್ತದೆ. ಕಡಲನೀರಲ್ಲಿ ಅದ್ದಿದ ಪತ್ರಿಕೆ ಕಾಗದದಲ್ಲಿ ಸುತ್ತಿ, ಐಸ್ ನೇರವಾಗಿ ತಾಗದಂತೆ ಪೆಟ್ಟಿಗೆಯಲ್ಲಿಟ್ಟರೆ ಸಾಕು.

ಜಾಡಿ 5 ಲೀಟರಿನದು. ಆರ್‌ಓ ನೀರು, ಲೀಟರಿಗೆ ಸುಮಾರು 35 ಗ್ರಾಂ ಕಡಲ ಅಕ್ವೇರಿಯಂ ಉಪ್ಪು, 75 ಮಿಲಿಗ್ರಾಂ ಸೋಡಿಯಂ ನೈಟ್ರೇಟ್, 5 ಮಿಲಿಗ್ರಾಂ ಸೋಡಿಯಂ ಫಾಸ್ಫೇಟ್, 12 ತಾಸು ಎಲ್‌ಇಡಿ ಬೆಳಕು. ಏಪ್ರಿಲ್‌ನ ಒಣ ಗಾಳಿಗೆ ಅರ್ಧ ಲೀಟರ್ ಆವಿಯಾದರೆ 35 ಇದ್ದ ಉಪ್ಪು 39ರ ಹತ್ತಿರ ಹೋಗುತ್ತದೆ. ಉಪ್ಪಿನ ಹೆಚ್ಚಳವೂ ಕೋಶಕ್ಕೆ ಒಂದು ಹೊಡೆತವೇ, ಶಾಖದ ಫಲಿತಾಂಶದಲ್ಲಿ ಅದೂ ಬೆರೆತುಬಿಡುತ್ತದೆ. ಜಾಡಿಗೆ ಗೆರೆ ಎಳೆದು, ದಿನಾ ಬರೀ ಆರ್‌ಓ ನೀರಿನಿಂದ ಗೆರೆಯವರೆಗೆ ತುಂಬಬೇಕು. ಉಪ್ಪುನೀರು ಹಾಕಿದರೆ ಕೆಟ್ಟಿತು.

ಅಕ್ವೇರಿಯಂ ಹೀಟರುಗಳು ಸಾಮಾನ್ಯವಾಗಿ 34 ಡಿಗ್ರಿಗೆ ನಿಲ್ಲುತ್ತವೆ. ಹೊರಗೆ ಇನ್ನೊಂದು ಥರ್ಮೋಸ್ಟಾಟ್ ಜೋಡಿಸಿದರೂ ಒಳಗಿನದು ಬಿಡುವುದಿಲ್ಲ. ಅದಕ್ಕೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ 15 ಲೀಟರ್ ನೀರು. ಅದು 39ಕ್ಕೆ ಇಳಿದಾಗ 90 ಡಿಗ್ರಿಯ 300 ಮಿಲಿಲೀಟರ್ ನೀರು ಬೆರೆಸಿ ಕಲಕಿದರೆ ಮತ್ತೆ 40. ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ 100 ಎಂದು ಸರಿಪಡಿಸಬೇಡಿ. ಧಾರವಾಡದ ಎತ್ತರದಲ್ಲಿ ನೀರು 97–98ಕ್ಕೇ ಕುದಿಯುತ್ತದೆ. ಕರಗುತ್ತಿರುವ ಐಸಿನ ಸೊನ್ನೆಯನ್ನೇ ನಂಬಬೇಕು.

ಗುಂಪುಗಳು ಮೂರು. ‘ಅ’ ಸದಾ 25ರಲ್ಲಿ. ‘ಆ’ ನೇರವಾಗಿ 40ಕ್ಕೆ, 30 ನಿಮಿಷ. ‘ಇ’ ಮೊದಲು 33ರಲ್ಲಿ ಎರಡು ತಾಸು, ಆಮೇಲೆ 25ರಲ್ಲಿ ಎರಡು ತಾಸು, ಕೊನೆಗೆ 40ರಲ್ಲಿ 30 ನಿಮಿಷ. ಗಡಿಯಾರ ಶುರುವಾಗುವುದು ಎಲೆಯಿಟ್ಟ ಕೊಳವೆಯೊಳಗಿನ ನೀರು 39.5 ತಲುಪಿದ ಮೇಲೆ.

ಮೊದಲ ಸೌಮ್ಯ ಬಿಸಿ ಯಾಕೆ? ಬಿಸಿಗೆ ಪ್ರೋಟೀನುಗಳ ಮಡಿಕೆ ಬಿಚ್ಚಿ, ಒಳಗೆ ಅಡಗಿರಬೇಕಾದ ನೀರೊಲ್ಲದ ಭಾಗಗಳು ಹೊರಬಿದ್ದು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಎಚ್‌ಎಸ್‌ಪಿ70 ಎಂಬ ರಕ್ಷಕ ಪ್ರೋಟೀನು ಆ ಭಾಗಗಳನ್ನು ಹಿಡಿದುಕೊಂಡು, ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ, ಮತ್ತೆ ಮಡಚಿಕೊಳ್ಳಲು ಅವಕಾಶ ಕೊಡುತ್ತದೆ. ಇಟಲಿಯ ವಿಜ್ಞಾನಿ ರಿಟೋಸ್ಸಾ 1962ರಲ್ಲಿ ಹಣ್ಣುನೊಣದ ವರ್ಣತಂತುಗಳ ಉಬ್ಬಿನಲ್ಲಿ ಕಂಡದ್ದು ಈ ಸಿದ್ಧತೆಯ ಮೊದಲ ಗುರುತು. ಜೀನ್ ನಿಮಿಷಗಳಲ್ಲಿ ಚುರುಕಾಗುತ್ತದೆ, ಪ್ರೋಟೀನು ಕೂಡಿಬರಲು ತಾಸುಗಳು ಬೇಕು. ‘ಇ’ ಗುಂಪಿನ ಬಿಡುವು ಅದಕ್ಕಾಗಿ.

48 ತಾಸಿನ ನಂತರ ಸತ್ತ ಕೋಶದೊಳಗಷ್ಟೇ ಹೋಗುವ ಬಣ್ಣ ಇವಾನ್ಸ್ ಬ್ಲೂ, ಶೇ. 0.25, 20 ನಿಮಿಷ. ಬಣ್ಣವನ್ನು ಅದೇ ಉಪ್ಪುನೀರಿನಲ್ಲಿ ಕದಡಬೇಕು. ಸಿಹಿನೀರಾದರೆ ಬದುಕಿದ್ದ ಕೋಶವೂ ಬಿರಿಯಬಹುದು. 400 ಪಟ್ಟು ಹಿಗ್ಗಿಸಿ ನೋಡಿದರೆ ಭೇದ ಸ್ಪಷ್ಟ. ಬದುಕಿದ ಕೋಶದಲ್ಲಿ ಹಸಿರು ಒಂದು ಬದಿಗೆ ಬಟ್ಟಲಿನಂತೆ ಒರಗಿರುತ್ತದೆ. ಸತ್ತದ್ದರ ಒಳಗೆಲ್ಲ ನೀಲಿ. ಬೀಜಕಣ ಬಿಟ್ಟದ್ದು ಪಾರದರ್ಶಕ, ಗೋಡೆಯಲ್ಲೊಂದು ದುಂಡು ತೂತು. ಅನುಮಾನವಿದ್ದರೆ ಪಾಚಿಯಿಟ್ಟ ಬಟ್ಟಲಿನ ಒಂದು ಬದಿಗೆ ದೀಪ ಹಿಡಿಯಿರಿ: ಎರಡು ಬಾಲದ ಲಿಂಗಕಣಗಳಾದರೆ ಬೆಳಕಿನ ಕಡೆ ಹಸಿರು ಗೆರೆ ಕಟ್ಟುತ್ತವೆ, ನಾಲ್ಕು ಬಾಲದ ಬೀಜಕಣಗಳಾದರೆ ಎದುರು ಬದಿಗೆ ಸರಿಯುತ್ತವೆ. ಈ ಗೆರೆ ಕಣ್ಣಿಗೆ ಬಿದ್ದ ದಿನವೇ ಎರಡನೆಯ ಸುತ್ತಿನ ಗಂಟು ಬಿಡಿಸಿತು.

ಈ ಸುತ್ತಿನಲ್ಲಿ ‘ಇ’ ಗುಂಪಿನ ನೀಲಿ ಕೋಶಗಳು ‘ಆ’ಗಿಂತ ಎದ್ದು ಕಾಣುವಷ್ಟು ಕಡಿಮೆ. ಆದರೆ ಇದು ತಾಳಿಕೆ ಹೆಚ್ಚಿತೆಂಬುದಕ್ಕೆ ಸಾಕ್ಷಿ, ಎಚ್‌ಎಸ್‌ಪಿ70 ಹೆಚ್ಚಿತೆಂಬುದಕ್ಕಲ್ಲ. ಅದಕ್ಕೆ ಒಂದೇ ಪ್ರೋಟೀನನ್ನು ಗುರುತಿಸಿ ತೋರಿಸುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆ ಬೇಕು. ಮನೆಯ ಫ್ರೀಜರಿನಲ್ಲಿ ಮಾದರಿ ಕಾಯ್ದಿಡಲು ಆಗದು, ಅಲ್ಲಿನ ಮೈನಸ್ 18ರಲ್ಲಿ ಪ್ರೋಟೀನು ಕಡಿಯುವ ಕಿಣ್ವಗಳು ಪೂರ್ತಿ ನಿಲ್ಲುವುದಿಲ್ಲ. ಎಮ್ಮೆ ಆಕಳುಗಳ ಕೃತಕ ಗರ್ಭಧಾರಣೆಗೆ ಬಳಸುವ ದ್ರವ ಸಾರಜನಕ, ಮೈನಸ್ 196, ಇಲ್ಲಿ ಸಿಗುವಂಥದ್ದು. ಮುಂದಿನ ಸುತ್ತಿನಲ್ಲಿ 33 ಡಿಗ್ರಿ ಮುಗಿದ ಕೂಡಲೇ ಒಂದು, ಬಿಡುವಿನ ನಂತರ ಒಂದು, ಹೀಗೆ ಎಲೆಯನ್ನು ಒತ್ತಿ ನೀರು ತೆಗೆದು, ಗಾಳಿಯಾಡುವ ಜಾಗದಲ್ಲಿ ಆ ಸಾರಜನಕದೊಳಗೆ ಇಳಿಸುತ್ತೇವೆ.